ನನ್ನ ಹೆಸರಲ್ಲಿ ಅಲಿವೇಲು

ತಿಂಗಳಿಗೆ ಆರು ಸಾವಿರ, ದಿನಕ್ಕೆ ಮೂರು ತಾಸು,
ಕನ್ನಡ ಬರೆಯಲು ಬರಬೇಕು, ಸಿಟ್ಟು ಬರಬಾರದು.
ಇಷ್ಟೇ ಹಾಕಿದ್ದೆ ವಾಟ್ಸಾಪಿನಲ್ಲಿ.
ಹದಿನೇಳು ಜನ ಕೇಳಿದರು. ಒಬ್ಬಳು ಮಾತ್ರ
"ಸಿಟ್ಟು ಬಂದರೆ ಸಂಬಳದಲ್ಲಿ ಎಷ್ಟು ಹಿಡೀತೀರಿ ಅಕ್ಕ?" ಅಂದಳು.
ಅವಳನ್ನೇ ತಗೊಂಡೆ.

ಅಲಿವೇಲು. ಪಾವಗಡದ ಆಚೆ ಯಾವುದೋ ಹಳ್ಳಿ.
ಮುಖ ನೋಡಿಲ್ಲ. ಅವಳ ಫೋಟೊದ ಜಾಗದಲ್ಲಿ
ಒಂದು ಬಿಳಿ ಕೋಳಿ, ಏನನ್ನೋ ದಿಟ್ಟಿಸುತ್ತ.

ನನ್ನದು ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ ಹಿಂದಿನ ಗಲ್ಲಿ.
ನೂಲು ಬಿಡದ ಗೂಡೇ ನನ್ನ ಸರಕು:
ಚಿಟ್ಟೆ ತೂತು ಕೊರೆದು ಎದ್ದುಹೋದದ್ದು,
ರೀಲರುಗಳು ಕಾಲಲ್ಲಿ ಪಕ್ಕಕ್ಕೆ ತಳ್ಳುವಂಥದ್ದು.
ಕತ್ತರಿಸಿ, ಬಣ್ಣಕ್ಕೆ ಅದ್ದಿ, ಪೋಣಿಸಿದರೆ ಹಾರ,
ತೋರಣ, ಮದುಮಗಳ ಜಡೆಗೆ ಬಿಲ್ಲೆ.
ಕೈ ನನ್ನದು, ಮಾತು ಅವಳದು.

"ನಮಸ್ಕಾರ, ನಾನು ನಸೀಮ" ಅಂತ ಶುರು ಮಾಡುತ್ತಾಳೆ ಅಲಿವೇಲು.
ನನ್ನ ಮನೆಮಾತು ಉರ್ದು, ಅವಳದು ತೆಲುಗು.
ಸರ್ಕಾರಿ ಶಾಲೆಯ ಬೆಂಚಿನಿಂದ ಎತ್ತಿಕೊಂಡು ಬಂದ ಕನ್ನಡದಲ್ಲಿ
ಇಬ್ಬರೂ ಒಂದೇ ಅಂಗಡಿ ತೆರೆದು ಕೂತಿದ್ದೇವೆ.
ಧಾರವಾಡದ ಗಿರಾಕಿ ಬರೆದರು:
"ನಸೀಮಾ, ನಿಮ್ಮ ಕನ್ನಡ ಓದಿದ್ರ ತವರಮನಿಗೆ ಹೋದಂಗ ಆಗ್ತದ."
ಯಾರ ತವರಿಗೆ? ನಕ್ಕೆವು ಇಬ್ಬರೂ,
ಅವಳು ಅಲ್ಲಿ, ನಾನಿಲ್ಲಿ.

ಆದರೆ ನನಗೊಂದು ಚಟ ಅಂಟಿತು:
ಅವಳ ಹೆಸರಿನ ಪಕ್ಕದ ಹಸಿರು ಚುಕ್ಕಿ.
ಏಳಕ್ಕೆ ಬರಬೇಕಾದದ್ದು ಏಳೂ ಇಪ್ಪತ್ತಾದರೂ ಇಲ್ಲ.
ಬಂತು. ಹೋಯಿತು. ಯಾಕೆ ಹೋಯಿತು?
ಬಣ್ಣದ ಬಟ್ಟಲಲ್ಲಿ ಬೆರಳು ಬಿಟ್ಟುಕೊಂಡೇ ಕಾಯುತ್ತಿದ್ದೆ.
ಆಮೇಲೆ ಒಂದು ಶೀಟು ಮಾಡಿದೆ,
ಎಷ್ಟಕ್ಕೆ ಬಂದಳು, ಎಷ್ಟು ನಿಮಿಷ ಸುಮ್ಮನಿದ್ದಳು.

ಅಮ್ಮಿ ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಗೂಡು ಕಲಕಿದವಳು.
ಬೆರಳ ತುದಿಯ ಗೆರೆಯೆಲ್ಲ ಬೆಂದು ಅಳಿಸಿಹೋಗಿ
ರೇಷನ್ ಅಂಗಡಿಯ ಮಿಷನ್ನು ಇವತ್ತಿಗೂ ಅವಳನ್ನು ಗುರುತಿಸುವುದಿಲ್ಲ.
ಅವಳ ಬೆನ್ನ ಹಿಂದೆ ಮೇಸ್ತ್ರಿ ಕುರ್ಚಿ ಹಾಕಿ ಕೂರುತ್ತಿದ್ದ.
ಬೈಯುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದ, ಅಷ್ಟೇ.
ಆ ಕುರ್ಚಿಯನ್ನು ನಾನು
ಪಾವಗಡದವರೆಗೂ ಹೊತ್ತುಕೊಂಡು ಹೋಗಿದ್ದೆ.

ಮಾರ್ಚಿಯಲ್ಲಿ ಒಂದು ರಾತ್ರಿ. ಹಾರ ಜಜ್ಜಿಹೋಗಿ ತಲುಪಿದೆ,
ಬೆಳಗಾದರೆ ಮದುವೆ, ಗಿರಾಕಿಗೆ ಉರಿ:
"ನಿಮ್ಮಂಥವರ ಹತ್ತಿರ ತಗೊಂಡಿದ್ದೇ ತಪ್ಪು."
ನಿಮ್ಮಂಥವರು ಅಂದರೆ ಯಾರು ಅಂತ
ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.
ನಾನು ನೋಡುವಷ್ಟರಲ್ಲಿ ಬೆಳಗಾಗಿತ್ತು. ಕೆಳಗೆ ಉತ್ತರ ಇತ್ತು.
"ಹಾರ ಕಟ್ಟಿದ್ದು ನಾನೇ, ಜಜ್ಜಿದ್ದು ದಾರಿಯಲ್ಲಿ.
ಪೂರ್ತಿ ದುಡ್ಡು ವಾಪಸ್ ಹಾಕಿದ್ದೇನೆ. ನನ್ನಂಥವರು ಹೀಗೇ ಮಾಡುವುದು.
ಮದುಮಕ್ಕಳು ಚೆನ್ನಾಗಿರಲಿ. ಇಂತಿ, ನಸೀಮ."

ಸಾವಿರದ ಎಂಟುನೂರ ಐವತ್ತು, ನನ್ನನ್ನು ಒಂದು ಮಾತು ಕೇಳದೆ.
ಹೊತ್ತು ನೋಡಿದೆ: ರಾತ್ರಿ ಒಂದೂವರೆ.
ನನ್ನ ಶೀಟಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

"ಬೋರಿಗೆ ಕರೆಂಟು ಬರೋದು ಆವಾಗಲೇ ಅಕ್ಕ,
ಮೋಟರ್ ಹಾಕೋಕೆ ಎದ್ದಿದ್ದೆ. ಫೋನು ಮಿನುಗಿತು.
ಬೈದಿದ್ದು ನಿಮಗೋ ನನಗೋ ಗೊತ್ತಾಗಲಿಲ್ಲ,
ಅದಕ್ಕೇ ಇಬ್ಬರ ಕಡೆಯಿಂದಲೂ ಬರೆದುಬಿಟ್ಟೆ."

ಶೀಟು ಅಳಿಸಿದೆ ಅಂದರೆ ಸುಳ್ಳಾಗುತ್ತದೆ. ತೆರೆಯುವುದು ಬಿಟ್ಟೆ.
ಸಂಬಳ ಐನೂರು ಏರಿಸಿದೆ, ಸಾವಿರಕ್ಕೆ ಮನಸ್ಸು ಬರಲಿಲ್ಲ.
"ಯಾಕೆ?" ಅಂದಳು. ಮದುವೆ ಸೀಸನ್ನು ಅಂದೆ.
"ಸೀಸನ್ ಮುಗಿದ ಮೇಲೆ ಹಿಡ್ಕೋತೀರಾ?"
ಕೋಳಿ ನನ್ನನ್ನೇ ನೋಡುತ್ತಿತ್ತು.

ಇವತ್ತು ಅವಳಿಗೆ ರಜೆ, ತಂಗಿಗೆ ಹೆರಿಗೆಯಂತೆ.
ಎಷ್ಟೋ ತಿಂಗಳ ಮೇಲೆ ನಾನೇ ಕೂತು ಬರೆದೆ:
ನಮಸ್ಕಾರ, ನಾನು ನಸೀಮ, ನಿಮ್ಮ ಆರ್ಡರ್ ಹೊರಟಿದೆ.
ಸ್ವಲ್ಪ ಹೊತ್ತಿಗೆ ಧಾರವಾಡದಿಂದ ಬಂತು:
"ಇದ್ಯಾರ್ರಿ ಬರಿಯಾಕತ್ತಿದ್ದು? ನಸೀಮಾ ಇಲ್ಲೇನ್ರೀ ಇವತ್ತ?"

ಬಣ್ಣದ ಬೆರಳು ಸೆರಗಿಗೆ ಒರೆಸಿಕೊಂಡು
ಒತ್ತಿದೆ ಒಂದೊಂದೇ ಅಕ್ಷರ:
ಇಲ್ಲ. ರಜೆಯಲ್ಲಿದ್ದಾಳೆ.
ನಾಳೆ ಬರುತ್ತಾಳೆ.