ಬಿಡಿಸುವುದು

ನಮ್ಮ ನಾರ್ವೆಯ ಮಾತಿನಲ್ಲಿ ಈ ನೋವಿಗೆ ಹೆಸರಿದೆ:
ಬೆಕೆನ್‌ಲೋಸ್ನಿಂಗ್.
ಬೆಕೆನ್ ಎಂದರೆ ಬಟ್ಟಲು, ಸೊಂಟದ್ದು.
ಲೋಸ್ನಿಂಗ್ ಎಂದರೆ ಸಡಿಲುವುದು.
ಲೆಕ್ಕ ಬಿಡಿಸಿದಾಗ ಸಿಗುವ ಉತ್ತರಕ್ಕೂ ಅದೇ ಪದ.

ನನಗೆ ಯಾವ ಉತ್ತರವೂ ಸಿಕ್ಕಿರಲಿಲ್ಲ.
ಒಂಟಿಕಾಲಲ್ಲಿ ನಿಂತು ಪ್ಯಾಂಟು ಏರಿಸಹೋದರೆ
ಮುಂದೆ, ಎರಡು ಎಲುಬು ಕೂಡುವ ಹೊಲಿಗೆಯಲ್ಲಿ
ಯಾರೋ ಗರಗಸ ಇಟ್ಟು
ಒಮ್ಮೆ, ಒಮ್ಮೆ ಮಾತ್ರ, ಎಳೆದ ಹಾಗೆ.

ಎಲ್ಲಿ ನೋವು? ಓಡ್‌ಬ್ಯೋರ್ಗ್ ಕೇಳಿದಳು.
ಬೆನ್ನು ತೋರಿಸಿದೆ.
ಬೆನ್ನು ಸರಿ, ಮತ್ತೆ?
ಮಂಡಿ ತೋರಿಸಿದೆ.
ಅವಳು ಕಾದಳು. ಹೆಂಗಸರಿಗಾಗಿ ಕಾಯುವುದು
ಅವಳಿಗೆ ಮೂವತ್ತು ವರ್ಷದ ಕಸುಬು.
ಕಿಟಕಿಯಾಚೆ ಮಧ್ಯಾಹ್ನ ಹನ್ನೆರಡರ ನೀಲಿಗತ್ತಲು,
ಬಂದರಿನಲ್ಲಿ ಮೀನು ಕೊಯ್ಯುವ ಶೆಡ್ಡಿನ ದೀಪ.
ಕಳೆದ ವರ್ಷ ನಾನೂ ಅಲ್ಲೇ, ರಬ್ಬರ್ ಏಪ್ರನ್ ಕಟ್ಟಿ,
ಕಾಡ್ ಮೀನಿನ ಹೊಟ್ಟೆ ಸೀಳುತ್ತ
ಹೊಸ ಹುಡುಗರಿಗೆ ಒಂದೊಂದೇ ಅಂಗದ ಹೆಸರು
ಗಟ್ಟಿಯಾಗಿ ಹೇಳಿಕೊಟ್ಟವಳು.
ಇಲ್ಲಿ, ಎಂದೆ ಕೊನೆಗೆ, ಕೈ ಅಲ್ಲೇ ಇಟ್ಟು.

ಕೇಳಿ, ಒಪ್ಪಿಸಿ, ಕೈಗವಸಿನ ಒಂದು ಬೆರಳು
ಒಳಗಿನ ಗಂಟನ್ನು ಮುಟ್ಟಿ ನಿಂತಿತು. ನೂಕಲಿಲ್ಲ.
ಬಟ್ಟಲ ತಳವನ್ನೇ ಮುಷ್ಟಿ ಮಾಡಿಕೊಂಡಿದ್ದೀಯ, ಎಂದಳು,
ಮಗು ಆಚೆ ಬಂದು ನಾಲ್ಕು ತಿಂಗಳಾಯ್ತು,
ಇನ್ನೂ ಯಾರನ್ನು ಹಿಡಿದಿಟ್ಟಿದ್ದೀಯ?
ನಗು ಬಂತು. ನಕ್ಕರೂ ಅಲ್ಲೇ ನೋವು.

ಮನೆಗೆ ಒಂದು ಹಸಿರು ಚೆಂಡು ಕೊಟ್ಟಳು, ಅರ್ಧ ಗಾಳಿಯದು.
ಮಂಡಿಗಳ ನಡುವೆ ಇಡು, ಒತ್ತು, ಐದು ಎಣಿಸು.
ಬಿಡು. ಬಿಡುವುದೇ ಕಷ್ಟದ ಭಾಗ.
ಜೊತೆಗೊಂದು ಹಾಳೆ: ಕೂತೇ ಬಟ್ಟೆ ಹಾಕು,
ಮಗ್ಗುಲಾಗುವಾಗ ಮಂಡಿಗಳು ಜೋಡಿಯಾಗಿರಲಿ,
ಮೆಟ್ಟಿಲಲ್ಲಿ ಎರಡೂ ಪಾದ ಕೂಡಿದ ಮೇಲೆಯೇ
ಮುಂದಿನ ಮೆಟ್ಟಿಲು.

ಅತ್ತೆ ಪೆಟ್ರೀನ್ ಹಾಳೆಯನ್ನು ದೂರ ಹಿಡಿದು ಓದಿದಳು.
ನಮ್ಮ ಕಾಲಕ್ಕೆ ಈ ಪದವೇ ಇರಲಿಲ್ಲ, ಎಂದಳು.
ಐದು ಹೆತ್ತವಳು, ಹೆತ್ತ ವಾರಕ್ಕೇ ಶೆಡ್ಡಿಗೆ ಹೋಗಿ
ಸಾವಿರ ಗಾಳಕ್ಕೆ ಎರೆ ಸಿಕ್ಕಿಸಿದವಳು.
ನಾನು ಬಾಯಿ ಬಿಡಲಿಲ್ಲ.
ಅವಳು ಎದ್ದು ನೆಲಮಾಳಿಗೆಗೆ ಇಳಿದಳು, ಆಲೂಗಡ್ಡೆಗೆ,
ಗೋಡೆ ಹಿಡಿದು, ಅಡ್ಡವಾಗಿ,
ಒಂದು ಪಾದ, ಅದರ ಪಕ್ಕಕ್ಕೆ ಇನ್ನೊಂದು.
ಹತ್ತು ವರ್ಷದಿಂದ ನೋಡುತ್ತಿದ್ದೇನೆ,
ಅವಳ ಗತ್ತೇ ಹಾಗೆ ಅಂದುಕೊಂಡಿದ್ದೆ.

ಜನವರಿಯಲ್ಲಿ ಸೂರ್ಯ ಮರಳಿದ ದಿನ ಕೋಟೆಯ ತೋಪು ಹಾರಿತು,
ಶಾಲೆಗೆ ರಜೆ, ಮಕ್ಕಳ ಕೂಗು.
ನಾನೂ ಹೋದೆ, ಎರಡು ಊರುಗೋಲು, ಗೇಣುದ್ದದ ಹೆಜ್ಜೆ,
ಕಿತ್ತಳೆ ಸಿಪ್ಪೆಯಷ್ಟು ಬಿಸಿಲು ಮುಖಕ್ಕೆ ತಾಗಿಸಿಕೊಂಡು ಬಂದೆ.
ಸ್ಟೇನಾರ್ ಹಡಗಿನಿಂದ ಫೋನು ಮಾಡಿ
ಹೇಗಿದೆ ಅಂದ. ಯಾವುದು ಎಂದು ಹೇಳಲಿಲ್ಲ.

ತೊಟ್ಟಿಲ ಪಕ್ಕ ಚೆಂಡು ಇರಲಿಲ್ಲ.
ಅಡಿಗೆಮನೆಯ ಬೆಂಚಿನ ಮೇಲೆ ಪೆಟ್ರೀನ್,
ಲಂಗ ಎತ್ತಿ ಸಿಕ್ಕಿಸಿ, ಉಣ್ಣೆಯ ಕಾಲುಚೀಲ,
ಮಂಡಿಗಳ ನಡುವೆ ಹಸಿರು.
ನನ್ನ ಕಡೆ ನೋಡದೆ ಕೇಳಿದಳು, ಎಷ್ಟು ಎಣಿಸಬೇಕು?
ಐದು.
ತುಟಿ ಕಚ್ಚಿ ಒತ್ತಿದಳು. ಐದಾಯಿತು. ಏಳೂ ಆಯಿತು.
ಬಿಡಿ, ಅಂದೆ.
ಬಿಡಲಿಲ್ಲ.
ಬಿಡಿ, ಎಂದು ಮತ್ತೊಮ್ಮೆ ಅಂದೆ,
ಅಷ್ಟರಲ್ಲಿ ಮಗುವಿಗೆ ಎಚ್ಚರವಾಯಿತು.