ಉಣಕಲ್ಲಿನಿಂದ ನವನಗರದ ತನಕ

ಈ ವರ್ಷ ಓದಿದ್ದೆಲ್ಲಾ ಚಿಗರಿ ಬಸ್ಸಿನ್ಯಾಗ.
ಹೊಸೂರಾಗ ಹತ್ತಿ ಧಾರವಾಡ ಕೋರ್ಟ್ ಸರ್ಕಲ್ಲಿಗೆ ಇಳಿಯೂದ್ರಾಗ
ಇಪ್ಪತ್ತೆರಡು ಪುಟ ಆಗತಾವ.
ಕವಿತಾ ಇದ್ರ ಮೂರು.

ಹತ್ತೂವರಿಯಿಂದ ಮಂದಿ ಜಗಳಾ ಟೈಪ್ ಮಾಡಾಕಿ ನಾನು:
‘ಸದರಿ ಜಮೀನಿನ ಪೂರ್ವಕ್ಕೆ ಹಳ್ಳ,
ಪಶ್ಚಿಮಕ್ಕೆ ದಾವೆದಾರನ ಅಣ್ಣನ ಹೊಲ...’
ಅದರ ಚಟಾನ ಇರಬೇಕು, ಹೊಸಾ ಪುಸ್ತಕ ಬಿಚ್ಚಿದ ಕೂಡ್ಲೇ
ಚಕ್ಕುಬಂದಿ ಹುಡುಕತೀನಿ.
ಯಾವ ಬದಿಗೆ ಯಾರು ಅದಾರ,
ಯಾರು ಯಾರ ಬದುವು ಒತ್ಯಾರ.

ಯುಗಾದಿ ಮುಂದ ಓದಿದ್ದು ಜೇನಿನ ಪುಸ್ತಕ,
ಬರದಾಂವ ನಿವೃತ್ತ ಅರಣ್ಯ ಕಾವಲುಗಾರ.
ವಾಕ್ಯಾ ಕಟ್ಟಾಕ ಬರೂದಿಲ್ಲ ಪಾಪ ಮನಿಷ್ಯಾಗ,
ಸುಳ್ಳು ಕಟ್ಟಾಕೂ ಬರೂದಿಲ್ಲ.
ಕಚ್ಚಿಸಿಕೊಂಡದ್ದನ್ನೆಲ್ಲಾ ತಾರೀಖು ಹಾಕಿ ಬರದಾನ.
ಬೈರಿದೇವರಕೊಪ್ಪದ ಹತ್ತಿರ ರಾಣಿಹುಳ ಹಾರಿ ಹೋತು,
ನಾ ಇಳಿಯೂತನಕಾ ಹುಡುಕಾಕತ್ತಿದ್ದ.

ಶಿರಸ್ತೇದಾರ್ರು ಒತ್ತಾಯದಿಂದ ಕೊಟ್ಟದ್ದು ಒಂದೈತಿ,
ಗೆಲ್ಲಬೇಕಂದ್ರ ನಸಿಕಲೆ ಐದಕ್ಕ ಏಳ್ರಿ ಅನ್ನೂದು.
ನಮ್ಮ ಓಣ್ಯಾಗ ನಳಾ ಬರೂದು ಎಂಟು ದಿನಕ್ಕೊಮ್ಮೆ, ಅದೂ ಮೂರಕ್ಕ.
ಎದ್ದೇವಪ್ಪಾ, ಎಲ್ಲಾರೂ ಎದ್ದೇವಿ.
ಕೊಡಾ ತುಂಬಿದ್ವು.

ನವಲಗುಂದದ ಹುಡುಗೀದು ಕವನ ಸಂಕಲನ, ಮೊದಲನೇದಂತ.
ಅರ್ಧಾ ತಿಳೀಲಿಲ್ಲ. ಇನ್ನರ್ಧಾ ಭಾಳ ಸಸಾರ ತಿಳೀತು.
ಆದರ, ಅವ್ವ ಬಚ್ಚಿಟ್ಟ ಕಾಗದಕ್ಕ
ಜ್ವಾಳದ ಹಿಟ್ಟಿನ ವಾಸನಿ ಅನ್ನೂ ಒಂದು ಸಾಲು
ಸೀರಿಗೆ ಹತ್ತಿದ ಉತ್ತರಾಣಿ ಕಾಳಿನಂಗ
ನನ್ನ ಕೂಡ ಕೋರ್ಟಿಗೆ ಬಂತು, ಕಟಕಟಿ ಮುಂದ ನಿಂತಿತು,
ಸಂಜಿಗೆ ಮನಿಗೂ ಬಂತು.

ಇವನ್ನೆಲ್ಲಾ ನಾ ಒಬ್ಬಾಕಿನ ಓದಿಲ್ಲ.
ಉಣಕಲ್ಲಿಗೆ ಹತ್ತಿ ನವನಗರಕ್ಕ ಇಳಿಯೂ
ವಾಚಮನ್ ಮಕ್ತುಮಸಾಬ ಕಂಬಾ ಹಿಡದು ನಿಂತು
ನನ್ನ ಭುಜದ ಮ್ಯಾಲಿಂದ ಓದತಾನ.
ಮೊದಮೊದಲು ಸಿಟ್ಟು ಬಂದು ಪುಸ್ತಕ ಮುಚ್ಚತಿದ್ದೆ.
ಒಂದಿನಾ ಅಂದ: ‘ಸಾವಕಾಶ ತಿರುವ್ರಿ ಅಕ್ಕಾರ,
ಕೆಳಗಿನ ಎರಡು ಸಾಲು ಉಳದಾವು.’
ಅವನ ಪಾಲಿಗೆ ದಿನಾ ನಡುವಿನ ಐದಾರು ಪುಟ.
ಗೆಲ್ಲೂ ಸೂತ್ರದಾಗ ಒಂಬತ್ತರಿಂದ ಹನ್ನೆರಡು ಅವನಿಗೆ ಬಂದಿದ್ವು.
‘ಅಷ್ಟಕ್ಕ ಸಾಕಾತ್ರಿ’ ಅಂದಿದ್ದ.

ಆಮ್ಯಾಲೆ ಆ ಕಾದಂಬರಿ, ತೆಲುಗಿನಿಂದ ಬಂದದ್ದು.
ಬಾವಿ ತೋಡೂ ಅಣ್ಣ ತಮ್ಮ,
ತಮ್ಮ ಕೆಳಗ, ಅಣ್ಣ ಹಗ್ಗಾ ಹಿಡದು ಮ್ಯಾಲ,
ಇಬ್ಬರ ನಡುವ ಒಂದು ಎಕರೆದ ವ್ಯಾಜ್ಯ.
ಇನ್ನೂರಾ ನಲವತ್ತನೇ ಪುಟ ಆತು,
ತಿರುವಿದ್ರ ಮತ್ತ ಇನ್ನೂರಾ ಇಪ್ಪತ್ತೈದು!
ಬೈಂಡಿಂಗ್ ಮಾಡಿದಾಂವ ಅದ ಹದಿನಾರು ಪುಟಾ ಎರಡು ಸಲ ಹೊಲದು
ಕಡೀ ಹದಿನಾರು ನುಂಗಿಬಿಟ್ಟಾನ.
ಗ್ರಂಥಾಲಯದಾಗ ಇದ್ದದ್ದು ಅದೊಂದ ಪ್ರತಿ.

ಮೂರು ವಾರ ಮಕ್ತುಮಸಾಬ ಬರಲಿಲ್ಲ, ಹೊಟ್ಟಿ ಆಪರೇಷನ್ನಂತ.
ಬಂದ ದಿನಾ, ಕಂಬಾ ಹಿಡಿಯೂಕಿಂತ ಮೊದಲ,
‘ಬಿಟ್ಟನೇನ್ರಿ ಹಗ್ಗಾ?’

ವರ್ಷಕ್ಕ ಸಾವಿರ ಪ್ರಮಾಣಪತ್ರ ಟೈಪ್ ಮಾಡೂ ಕೈ ಇದು,
‘ನಾನು ಹೇಳಿರುವುದೆಲ್ಲ ಸತ್ಯ’ ಅಂತ ಕೆಳಗ ಬಡಿಯೂ ಬೆರಳು.
‘ಇಲ್ರಿ,’ ಅಂದೆ. ‘ನೀರು ಬಿತ್ತು.
ತಮ್ಮನ್ನ ಮ್ಯಾಲ ಎಳದ, ಇಬ್ಬರೂ ಕೂತು ಅತ್ರು.’

ಎಪಿಎಂಸಿ ಬಂತು, ಹೋತು. ಮಾತಾಡಲಿಲ್ಲ.
ನವನಗರದಾಗ ಬಾಗಿಲಾ ತೆರೀತು.
ಅಂಗೈ ಒಮ್ಮೆ ನೋಡಕೊಂಡು ಅಂದ:
‘ಹಂಗಾದ್ರ ಬರದಾಂವ ಎಂದೂ ಹಗ್ಗಾ ಹಿಡದಾಂವ ಅಲ್ಲ ಬಿಡ್ರಿ.’
ಇಳದು ಹೋದ.

ರಾಯಾಪುರ ದಾಟೂ ಮುಂದ, ಎರಡನೇ ಇಪ್ಪತ್ತೈದನೇ ಪುಟಾ ಬಿಚ್ಚಿದೆ.
‘ಎಂಟು ಮಾರು ಹಗ್ಗ, ತೊಯ್ದದ್ದು’ ಅಂತಿತ್ತು.
ತೊಯ್ದದ್ದು ಅನ್ನೂದು
ಮೊದಲನೇ ಸಲ ನನಗ ಕಂಡಿರಲಿಲ್ಲ.

ಇವತ್ತ ಚೀಲದಾಗ ಹೊಸಾದೊಂದು ಐತಿ, ಇನ್ನೂ ಅಂಟಿನ ವಾಸನಿ.
ಹೊಸೂರು ಬಿಟ್ಟು ಐದು ನಿಲ್ದಾಣ ಆತು.
ಬಾಜೂಕಿನಾಕಿ ಕೇಳತಾಳ, ಓದೂದಿಲ್ಲೇನ್ರಿ ಇವತ್ತ?
ಉಣಕಲ್ ಬರಲಿ, ಅಂದೆ.