ಬೆಳಗಿನ ಲೆಕ್ಕ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು
ನಾವು ಹಟಮಾರಿಗಳನ್ನು ಆಡಿಕೊಳ್ಳುತ್ತೇವೆ.
ಆಸ್ಟ್ರೇಲಿಯಾದಲ್ಲಿ, ಮರ್ರೆ ನದಿಯ ದಂಡೆಯ ಕ್ಲೆಮ್ ಟ್ರೆಗೆಂಜಾಗೆ
ಅದು ಗಾದೆಯಲ್ಲ, ಬೆಳಗಿನ ಲೆಕ್ಕ:
ಕತ್ತರಿ ಬೋನಿನ ಹಲ್ಲಿಗೆ ಒಂದು ಕಾಲು ಬಿಟ್ಟು
ಕುಂಟುತ್ತ ಹೋದದ್ದು
ತಿಂಗಳು ಕಳೆದು ಇನ್ನೊಂದು ಬೋನಿಗೆ ಬಿದ್ದರೆ
ಎಣಿಸಿ ನೋಡು, ಮೂರೇ.
ತೊಗಲಿನ ದರ ಮಾತ್ರ ನಾಲ್ಕು ಕಾಲಿನದೇ.

ತೊಗಲು ಮೆಲ್ಬರ್ನಿಗೆ ಹೋಗಿ ಟೋಪಿಯಾಗುತ್ತಿತ್ತು.
ಮಗಳು ಮೇವಿಸ್‌ಳ ಶಾಲೆಯ ಬೂಟು,
ಹೆಂಡತಿಯ ಹಲ್ಲಿನ ಸೆಟ್ಟು,
ಎಲ್ಲ ಮೊಲದ ಬೆನ್ನಿನಿಂದಲೇ ಸುಲಿದದ್ದು.
ಕುರಿಯ ಧಣಿಗಳು ಬೋಳು ನೆಲ ನೋಡಿ ಹಲ್ಲು ಕಡಿಯುತ್ತಿದ್ದರು:
ಹತ್ತು ಮೊಲ ಮೇಯ್ದರೆ ಒಂದು ಕುರಿ ಉಪವಾಸ.

ಆಮೇಲೆ ಆ ನೆರೆಯ ವರ್ಷದ ಬೇಸಿಗೆ, ಡಿಸೆಂಬರ್.
ನೀರಿಳಿದ ಹೊಂಡಗಳಿಂದ ಸೊಳ್ಳೆ ಹೊಗೆಯ ಹಾಗೆ ಎದ್ದಿತು.
ಬಿಳಿ ಕೋಟಿನವರು ಎಂದೋ ಬಂದು
ಕೆಲವು ಮೊಲಗಳಿಗೆ ಸೂಜಿ ಚುಚ್ಚಿ ಬಿಟ್ಟಿದ್ದರಂತೆ.
ಉಪಯೋಗವಿಲ್ಲ ಎಂದು ಬರೆದುಕೊಂಡೂ ಆಗಿತ್ತಂತೆ.

ಮೊದಲು ಗೊತ್ತಾದದ್ದು ನಾಯಿಗೆ.
ಬಾಯಳತೆಯಲ್ಲಿದ್ದ ಮೊಲವನ್ನು ಹಿಡಿಯದೆ
ಅದು ಕ್ಲೆಮ್‌ನ ಮುಖ ನೋಡಿತು.
ಹೊಲಿದಂತೆ ಮುಚ್ಚಿದ ಊದಿದ ರೆಪ್ಪೆ,
ಕಿವಿಯ ಬುಡದಲ್ಲಿ ಗಂಟು,
ಹಾಡುಹಗಲೇ ದಾರಿಯ ನಡುವೆ ಕೂತು
ಹೆಜ್ಜೆಯ ಸದ್ದಿಗೆ ಮೂಗು ಮಾತ್ರ ಅಲುಗಿಸಿತು.
ಓಟವನ್ನೇ ನಂಬಿದ ಜಾತಿ.

ಒಂದು ತಿಂಗಳು, ಅಷ್ಟೇ.
ದಿಬ್ಬಕ್ಕೆ ದಿಬ್ಬವೇ ನಾರಿತು.
ಕಾಗೆಗಳು ತಿಂದು ತಿಂದು ಹಾರಲಾರದೆ ನಡೆದವು.
ಧಣಿಯ ಮನೆಯಲ್ಲಿ ಬಿಯರ್ ಸೀಸೆಗಳು ತೆರೆದವು.
ಹುಲ್ಲು ಮೊಣಕಾಲಿಗೆ ಬಂತು. ಚೆಂದವೇ ಇತ್ತು.
ಕ್ಲೆಮ್ ಕೂಡ ಅಂದ, ಚೆಂದವೇ ಇದೆ.

ಸಂಜೆ ದೊಣ್ಣೆ ಹಿಡಿದು ಹೊರಡುತ್ತಿದ್ದ,
ಯಾರೂ ಕಾಸು ಕೊಡದ ಕೆಲಸ,
ಒಂದೊಂದಕ್ಕೆ ಒಂದೇ ಏಟು.
ಮೇವಿಸ್ ಲಾಂದ್ರ ಹಿಡಿದಳು.
ನೋಡಬೇಡ, ಅಂದ. ನೋಡಿದಳು:
ಲಕ್ಷ ಮೊಲ ಸುಲಿದ ಕೈ
ಪ್ಯಾಂಟಿಗೆ ಒರೆಸಿಕೊಂಡಿತು,
ಮತ್ತೆ ಒರೆಸಿಕೊಂಡಿತು.

ಅಪ್ಪ ರೈಲು ಹಳಿಯ ಕೂಲಿಗೆ ಸೇರಿದ ಮೇಲಿನ ಚಳಿಗಾಲ
ಅವಳು ಬೇಲಿಯಾಚೆ ಒಂದನ್ನು ಕಂಡಳು.
ಮನೆಗೆ ಓಡಿಬಂದಳು:
ಕಿವಿಯ ಮೇಲೆ ಒಣಗಿದ ಕಲೆ ಇದೆ,
ಆದರೆ ಕಣ್ಣು, ಎರಡೂ ಕಣ್ಣು ತೆರೆದಿದೆ!
ಯಾವುದೂ ಉಳಿದಿಲ್ಲ, ನಿನಗೆ ಭ್ರಮೆ, ಎಂದಳು ಅಮ್ಮ.
ಧಣಿಯ ಕಿವಿಗೆ ಹಾಕಬೇಡ, ಎಂದ ಅಪ್ಪ,
ಬೂಟಿನ ದಾರ ಬಿಚ್ಚುತ್ತ.
ಆಮೇಲೆ, ತಲೆ ಎತ್ತದೆ, ಮೆಲ್ಲಗೆ:
ಎಷ್ಟು ಕಾಲಿತ್ತು?